ಬೋಣಿಗೆ ಬ್ರಶ್ಶಿನ ಕೆಂಚು ಕೂದಲು

ಬೆಟಗೇರಿಯ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆಳಗಿನ ನಮಾಜು ಮುಗಿಸಿ ಬಂದ ಮರ್ದಾನಸಾಬರು ಮನೆ ಮುಂದಿನ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತಿದ್ದಾರೆ. ಎದುರಿಗೆ ಅಂಟವಾಳ ನೆನೆಸಿದ ಬೋಗುಣಿ, ಪಕ್ಕದಲ್ಲಿ ಎರಡು ಹಣಿಗೆ. ಬಟ್ಟೆಯ ಚೀಲದಿಂದ ದಾಡಿ ಬ್ರಶ್ ಒಂದನ್ನು ತೆಗೆದು ಮೊದಲು ಮೂಸುತ್ತಾರೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಕೂದಲನ್ನು ಬೆರಳಿನಿಂದ ಮೀಟುತ್ತಾರೆ. ಕೊನೆಗೆ ಬುಡ ಮುಟ್ಟಿ ನೋಡಿ ಮುಖ ಕಿವುಚುತ್ತಾರೆ.

“ನೋಡ್ರಿ, ಮತ್ತ ಹಸೀದು. ಉಳಿದ ಅಂಗಡಿ ಬ್ರಶ್ ಒಣಗಿ ಬರತಾವ. ಈ ಹುಚ್ಚೀರಪ್ಪಂದು ಮಾತ್ರ ಹಸಿ. ಬಿಸಿನೀರಾಗ ಅದ್ದಿ, ಹಂಗ ಚೀಲಕ್ಕ ತುರಕತಾನ. ಕೇಳಿದ್ರ ಒಪ್ಪಂಗಿಲ್ಲ.”

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಕುದುರೆ ಕೂದಲಿನ ಬ್ರಶ್ಶನ್ನು ಇನ್ನೂ ಕೈಬಿಡದ ಹಳೆಯ ಕಟಿಂಗ್ ಅಂಗಡಿಗಳು ಕೆಲವಿವೆ. ಪ್ಲಾಸ್ಟಿಕ್ ಬ್ರಶ್ ಗಲ್ಲಕ್ಕೆ ಚುಚ್ಚುತ್ತದೆ ಎನ್ನುವ ಹಳೆಯ ಗಿರಾಕಿಗಳೂ ಇದ್ದಾರೆ. ಆ ಬ್ರಶ್ಶುಗಳ ಸಿಕ್ಕು ಬಿಡಿಸಿ, ಸಾಬೂನಿನ ಜಿಗಟು ತೆಗೆದು, ಬುಡ ಅಲುಗಾಡಿದರೆ ಅರಗು ಕಾಯಿಸಿ ಮತ್ತೆ ಕೂರಿಸಿಕೊಡುವವರು ಮರ್ದಾನಸಾಬರು ಒಬ್ಬರೇ. ಒಂದು ವಾರ ಲಕ್ಷ್ಮೇಶ್ವರ, ಶಿರಹಟ್ಟಿಯ ಬಸ್ಸು ಹತ್ತಿದರೆ ಮುಂದಿನ ವಾರ ಮುಂಡರಗಿಯ ಬಸ್ಸು. ಪ್ರತಿ ಅಂಗಡಿಗೆ ಬೇರೆ ಬೇರೆ ಚೀಲ. ಸಂಜೆ ತಂದ ಚೀಲವನ್ನು ಸಂಜೆಗೆ ಬಿಚ್ಚುವುದಿಲ್ಲ. “ದೀಪದ ಬೆಳಕಿನ್ಯಾಗ ಕೂದಲ ಸುಳ್ಳ ಹೇಳತೈತಿ” ಎನ್ನುತ್ತಾರೆ.

ದಿನಕ್ಕೆ ಎಷ್ಟು ಬ್ರಶ್ ಎಂದು ಕೇಳಿದರೆ ಕೈ ನಿಲ್ಲಿಸಿ ದಿಟ್ಟಿಸುತ್ತಾರೆ. “ಯಾಕ್ರಿ, ಆ ಲೆಕ್ಕಾ ಯಾರಿಗಿ ಕೊಡಾವ್ರು? ಬಂದಷ್ಟ ಬರತಾವ.” ಫೋಟೊ ತೆಗೆಸಿಕೊಂಡರೂ ಅದನ್ನು ಮೊದಲು ತಾವು ನೋಡಬೇಕು. ಮನೆಯಿಂದ ಹೊರಟರೆ ಓಣಿಯ ತುದಿಯಿಂದ ಒಮ್ಮೆ ತಿರುಗಿ ಬಂದು, ಕೂದಲಿನ ಪೆಟ್ಟಿಗೆಯ ಚಿಲಕ ಹಾಕಿದೆಯೋ ಇಲ್ಲವೋ ಎಂದು ನೋಡಿ ಹೋಗುತ್ತಾರೆ. ಮೆರವಣಿಗೆಗೆ ಕುದುರೆ ಕೊಡುವವರ ಹತ್ತಿರ ಬಾಲದ ಕೂದಲು ಕೊಳ್ಳುವಾಗಲೂ ಅಷ್ಟೆ, ಕತ್ತರಿಸುವ ಹೊತ್ತಿಗೆ ಕುದುರೆಯ ಪಕ್ಕದಲ್ಲಿ ತಾವೇ ನಿಂತಿರಬೇಕು. ಜೀವಮಾನವೆಲ್ಲ ಕ್ಷೌರಿಕರ ನಡುವೆ ಓಡಾಡಿದ ಈ ಮನುಷ್ಯ ಒಬ್ಬ ಕ್ಷೌರಿಕನಿಗೂ ತಮ್ಮ ಗಲ್ಲ ಒಪ್ಪಿಸಿದವರಲ್ಲ. ಕತ್ತಿನ ಮೇಲೆ ಇನ್ನೊಬ್ಬರ ಕತ್ತಿ ಆಡುವುದೆಂದರೆ ಅವರಿಗೆ ಆಗದು.

ಹಸಿ ಬ್ರಶ್ಶನ್ನು ಬೈಯುತ್ತಲೇ ಕೈ ಕೆಲಸ ಶುರು ಮಾಡಿದೆ. ಸಿಕ್ಕು ಬಿಡಿಸುವುದು ತುದಿಯಿಂದ, ಬುಡದಿಂದ ಎಳೆದರೆ ಗಂಟು ಬಿಗಿಯುತ್ತದೆ. ಅಗಲ ಹಲ್ಲಿನ ಹಣಿಗೆ ಮೊದಲು, ಸಣ್ಣದು ಆಮೇಲೆ. ನೀರು ಉಗುರುಬೆಚ್ಚಗಿರಬೇಕು, ಅಷ್ಟೆ. ಕಾದ ನೀರು ಬಿದ್ದರೆ ಒಳಗಿನ ಅರಗು ಕರಗುತ್ತದೆ. ಆರಿದ ಮೇಲೆ ಗಟ್ಟಿಯಾದಂತೆಯೇ ಕಾಣುತ್ತದೆ, ಆದರೆ ಹಿಡಿತ ಹೋಗಿರುತ್ತದೆ. ಕೆಲವು ದಿನಕ್ಕೆ ಕೂದಲು ಒಂದೊಂದೇ ಕಿತ್ತು ಬಂದು ಗಿರಾಕಿಯ ಗಲ್ಲಕ್ಕೆ ಅಂಟಿಕೊಳ್ಳುತ್ತದೆ.

ಲಕ್ಷ್ಮೇಶ್ವರದ ಹುಚ್ಚೀರಪ್ಪನ ಅಂಗಡಿಯಲ್ಲಿ ಈಗ ಆಗುತ್ತಿರುವುದು ಅದೇ.

ಹುಚ್ಚೀರಪ್ಪ, ಮರ್ದಾನಸಾಬ ಒಂದೇ ಶಾಲೆಯ ಗೆಳೆಯರು. ಮರ್ದಾನಸಾಬರು ಹುಟ್ಟಿದ್ದು ಲಕ್ಷ್ಮೇಶ್ವರದಲ್ಲೇ, ಮದುವೆಯಾದ ಮೇಲೆ ಬೆಟಗೇರಿ ಸೇರಿದವರು. ಅವರ ಅಪ್ಪ ಟಾಂಗಾ ಹೊಡೆಯುತ್ತಿದ್ದರು. ಕುದುರೆಯ ಹೆಸರು ಕೆಂಚಿ. ಕೆಂಚಿ ಮುಪ್ಪಾಗಿ ಸತ್ತಾಗ ಅದರ ಬಾಲದ ಕೂದಲಿನಿಂದ ಅಪ್ಪ ಒಂದು ಬ್ರಶ್ ಕಟ್ಟಿ ಹುಚ್ಚೀರಪ್ಪನ ತಂದೆಗೆ ಕೊಟ್ಟರು. ಅದು ಬೋಣಿಗೆ ಬ್ರಶ್. ಅಂಗಡಿ ತೆರೆದ ಕೂಡಲೇ ಬರುವ ಮೊದಲ ಗಿರಾಕಿಯ ಗಲ್ಲಕ್ಕೆ ಮಾತ್ರ ಅದು ತಾಗುತ್ತದೆ, ಆಮೇಲೆ ತೊಳೆದು ಮೊಳೆಗೆ ತೂಗುಹಾಕುತ್ತಾರೆ. ಹಾಗೆ ಜೋಪಾನ ಮಾಡಿದ್ದರಿಂದಲೇ ಇಷ್ಟು ವರ್ಷ ಬಾಳಿದೆ. ಉದುರಿದ ಒಂದು ಕೂದಲನ್ನೂ ಮತ್ತೆ ತರುವ ಹಾಗಿಲ್ಲ, ಕೆಂಚಿ ಇಲ್ಲ.

ಈಗ ಆ ಬ್ರಶ್ಶೂ ಉದುರುತ್ತಿದೆ. ಕಳೆದ ಸಲ ಅಂಗಡಿಗೆ ಹೋದಾಗ ಬೋಣಿಗೆಗೆ ಕೂತಿದ್ದ ಮುದಕಪ್ಪ ಎಂಬ ಹಿರಿಯರು ಗಲ್ಲದಿಂದ ಕೆಂಚು ಕೂದಲೊಂದನ್ನು ಚಿವುಟಿ ತೆಗೆದು ಬೆಳಕಿಗೆ ಹಿಡಿದರು. ಹುಚ್ಚೀರಪ್ಪ ಸಿಡುಕಿದ. “ಶಿರಹಟ್ಟಿ ಅಂಗಡ್ಯಾಗ ಉದರಂಗಿಲ್ಲ, ಮುಂಡರಗ್ಯಾಗ ಉದರಂಗಿಲ್ಲ. ನಂದರಾಗ ಮಾತ್ರ ಉದರತಾವ. ಸುತ್ತಲೂ ಪ್ಲಾಸ್ಟಿಕ್ ತುಂಬಿ, ಒಳಗಿಂದ ಕೂದಲ ಕದಿಯಾಕತ್ತೀಯೇನಲೇ?”

ಮರ್ದಾನಸಾಬರು ಬ್ರಶ್ಶಿನಿಂದ ಒಂದು ಕೂದಲು ಎಳೆದು ಕಡ್ಡಿ ಗೀರಿದರು. ಅಂಗಡಿಯ ತುಂಬ ಸುಟ್ಟ ಕೂದಲಿನ ವಾಸನೆ. “ಪ್ಲಾಸ್ಟಿಕ್ ಆಗಿದ್ರ ಕರಗಿ ಮಣಿ ಆಗತಿತ್ತು, ನೋಡು” ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು, ನಿಲ್ಲಿಸಲಿಲ್ಲ. “ನೀ ಬಿಸಿನೀರಾಗ ಅದ್ದತಿ. ಗಿರಾಕಿ ಮುಂದ ಸ್ವಚ್ಛ ಅನಸ್ಕೊಳ್ಳಾಕ ನಮ್ಮಪ್ಪನ ಬ್ರಶ್ ಹಾಳ ಮಾಡಾಕತ್ತಿ.”

ಹುಚ್ಚೀರಪ್ಪ ಸತ್ತ ತಂದೆಯ ಆಣೆ ಮಾಡಿ ಇಲ್ಲವೆಂದ. ಕಾಯುತ್ತ ಕೂತಿದ್ದವರೆಲ್ಲ ಕೇಳಿಸಿಕೊಂಡರು. “ಇದೊಂದ ಸಲ ಒಯ್ಯಿ. ಇನ್ನೊಂದ ಕೂದಲ ಬಿತ್ತಂದ್ರ ನನ್ನ ಅಂಗಡಿ ಮೆಟ್ಟಲ ಹತ್ತಬ್ಯಾಡ” ಎಂದು ಚೀಲ ಕೈಗಿತ್ತ. ಹುಚ್ಚೀರಪ್ಪ ಈ ಕಡೆಯ ಕ್ಷೌರಿಕರಲ್ಲಿ ಹಿರಿಯ. ಅವನು ಬಿಟ್ಟರೆ ಉಳಿದವರೂ ಬಿಡುತ್ತಾರೆ. ಕಟ್ಟೆಯ ಮೇಲೆ ಮೂಸಿ ನೋಡಿದ ಹಸಿ ಬ್ರಶ್ಶುಗಳು ಆ ಚೀಲದವು.

ಹುಚ್ಚೀರಪ್ಪನ ಮೇಲಿನ ಸಂಶಯ ಇವತ್ತಿನದಲ್ಲ. ಬೇಸಿಗೆಯಲ್ಲಿ ಮರ್ದಾನಸಾಬರ ಬೆರಳ ಸಂದಿಯಲ್ಲಿ ತುರಿಕೆ ಎದ್ದಾಗ ಅವರು ಬೈದದ್ದು ಅವನ ಗಿರಾಕಿಗಳನ್ನು. ಊಟಕ್ಕೆ ಕೂತರೂ ಅದೇ ಮಾತು. “ಅವನ ಅಂಗಡಿಗಿ ಎಂತೆಂಥಾ ಗಲ್ಲ ಬರತಾವೋ, ಯಾರಿಗಿ ಏನ್ ರೋಗೋ.” ಹೆಂಡತಿ ಗುಲಾಬಬಿ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಬ್ರಶ್ಶುಗಳನ್ನು ತೊಳೆದು, ಕೂದಲು ಕೆಳಗಾಗಿ ತೂಗುಹಾಕಿ ಒಣಗಿಸಿದ್ದಾಯಿತು. ಸಂಜೆ ಚೀಲಕ್ಕೆ ತುಂಬಿ ಬಾಯಿ ಬಿಗಿದು ಗೂಟಕ್ಕೆ ಹಾಕಿದ್ದೂ ಆಯಿತು. ಬೆಳಗಾದರೆ ಲಕ್ಷ್ಮೇಶ್ವರಕ್ಕೆ ಒಯ್ಯಬೇಕು.

ಮರುದಿನ ನಸುಕಿನಲ್ಲಿ ಮಸೀದಿಗೆ ಹೊರಟವರು ಎಂದಿನಂತೆ ಓಣಿಯ ತುದಿಯಿಂದ ಬಂದು ಚಿಲಕ ನೋಡಿ ಹೋಗಿ, ಇವತ್ತು ಆ ಚೀಲ ನೆನಪಾಗಿ ಇನ್ನೊಮ್ಮೆ ತಿರುಗಿ ಬರುತ್ತಾರೆ. ಗೂಟದಲ್ಲಿ ಚೀಲವಿಲ್ಲ. ಹಿತ್ತಲಲ್ಲಿ ಒಲೆ ಉರಿಯುತ್ತಿದೆ. ಸ್ನಾನದ ಹಂಡೆಯಿಂದ ಹಬೆ ಏಳುತ್ತಿದೆ. ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಗುಲಾಬಬಿ, ಬೋಣಿಗೆ ಬ್ರಶ್ಶನ್ನು ಹಿಡಿಕೆ ಹಿಡಿದು ಕಾದ ನೀರಿನಲ್ಲಿ ಅದ್ದುತ್ತಿದ್ದಾರೆ. ಪಕ್ಕದಲ್ಲಿ ಹುಚ್ಚೀರಪ್ಪನ ಚೀಲ ಬಾಯಿ ತೆರೆದು ಬಿದ್ದಿದೆ.

“ಏನ್ ಮಾಡಾಕತ್ತಿ?”

ಗುಲಾಬಬಿ ಬೆಚ್ಚಿ ತಿರುಗುತ್ತಾರೆ. “ನೀವ ಅಂತಿದ್ರೆಲ್ಲ, ಅವನ ಅಂಗಡಿ ಗಲ್ಲ ರೋಗಿನವು ಅಂತ. ನಿಮ್ಮ ಕೈಗಿ ಮತ್ತ ಏನರ ಹತ್ತಿದ್ರ? ಬೇಸಿಗಿಯಿಂದ ನೀವು ನಮಾಜಕ್ಕ ಹೋದಾಗೆಲ್ಲ ಅವಷ್ಟ ಅದ್ದಿ ಇಡತೀನಿ. ಹೇಳಿದ್ರ ಬ್ಯಾಡ ಅಂತೀರಿ ಅಂತ ಹೇಳಲಿಲ್ಲ. ಹಾಳಾದ್ವೇನ್ರಿ?”

ಮರ್ದಾನಸಾಬರು ಬ್ರಶ್ಶನ್ನು ಇಸಿದುಕೊಂಡು ಒಂದು ಕೂದಲು ಹಿಡಿದು ನೋಡುತ್ತಾರೆ. ಎಳೆಯುವ ಮೊದಲೇ ಅದು ಕೈಗೆ ಬರುತ್ತದೆ. ಊರೆಲ್ಲ ಹುಡುಕಿದ ಬಿಸಿನೀರು ತಮ್ಮ ಹಂಡೆಯಲ್ಲೇ ಇತ್ತು. “ನೀ ಹಾಳ ಮಾಡಿಲ್ಲ” ಎನ್ನುತ್ತಾರೆ, ಬಾಯಿ ತೆರೆದ ಚೀಲವನ್ನು ಎತ್ತಿಕೊಳ್ಳುತ್ತಾರೆ.

ಅವತ್ತು ಬಸ್ಸು ಹತ್ತಲಿಲ್ಲ. ಹುಚ್ಚೀರಪ್ಪನ ಬ್ರಶ್ಶುಗಳನ್ನೆಲ್ಲ ಬಿಚ್ಚಿ ಹೊಸ ಅರಗಿನಲ್ಲಿ ಕೂರಿಸಿದರು. ಬೋಣಿಗೆಯದು ಕೊನೆಗೆ. ಕೆಂಚಿಯ ಉಳಿದ ಕೂದಲನ್ನು ನಡುವೆ ಇಟ್ಟು, ಕಡಿಮೆ ಬಿದ್ದಷ್ಟು ಮೆರವಣಿಗೆ ಕುದುರೆಯ ಕೂದಲನ್ನು ಸುತ್ತ ಸೇರಿಸಿದರು. ಗುಲಾಬಬಿ ಪಕ್ಕದಲ್ಲಿ ಕೂತು ದಾರ ಹಿಡಿದುಕೊಟ್ಟರು.

ಮಾರನೆಯ ದಿನ ಮೊದಲ ಬಸ್ಸಿಗೆ ಹೋದ ಮರ್ದಾನಸಾಬರು ಲಕ್ಷ್ಮೇಶ್ವರದ ಅಂಗಡಿಯ ಮೆಟ್ಟಿಲ ಕೆಳಗೇ ನಿಂತಿದ್ದಾರೆ. ಹುಚ್ಚೀರಪ್ಪ ಆಗಷ್ಟೇ ಕಸ ಹೊಡೆದು ಮುಗಿಸಿದ್ದಾನೆ. ಮುದಕಪ್ಪನವರೂ ಬಂದು ಬೆಂಚಿನ ಮೇಲೆ ಕೂತಿದ್ದಾರೆ. ಯಾರ ಮುಂದೆ ಆಡಿದ ಮಾತೋ ಅವರ ಮುಂದೆಯೇ ಹಿಂತೆಗೆದುಕೊಳ್ಳಬೇಕು.

“ಬಿಸಿನೀರ ಬಿದ್ದಿದ್ದು ನಮ್ಮ ಮನ್ಯಾಗ” ಎನ್ನುತ್ತಾರೆ ಮರ್ದಾನಸಾಬರು. “ನೀ ಮಾಡಿದ ಆಣಿ ಖರೆ. ನನ್ನ ಮಾತು ಸುಳ್ಳ.”

“ಅರಗ ಕರಗತೈತಿ ಅಂತ ಎಲ್ಲಾರಿಗೂ ಹೇಳಾಂವ ನೀ. ನಿಮ್ಮ ಮನ್ಯಾಗ ಯಾರು ಹಾಕಿದ್ರು?”

“ಹಾಕಿಸಿದ್ದು ನನ್ನ ನಾಲಿಗಿ. ಮತ್ಯಾರನ್ನೂ ಕೇಳಬ್ಯಾಡ.”

ಹುಚ್ಚೀರಪ್ಪ ಬ್ರಶ್ ಇಸಿದುಕೊಂಡು ತಿರುವಿ ತಿರುವಿ ನೋಡುತ್ತಾನೆ. ನಡುವಿನ ಕೆಂಚು ಕೂದಲನ್ನು ಬೆರಳಿನಿಂದ ಸವರುತ್ತಾನೆ. “ಇನ್ನ ಉದರಂಗಿಲ್ಲ ಅಂತ ನಾ ಹೆಂಗ ನಂಬಲಿ? ಇಂದಿನ ಬೋಣಿಗಿ ಇನ್ನ ಆಗಿಲ್ಲ. ಬಾ, ಕುಂಡ್ರು.”

ಮರ್ದಾನಸಾಬರು ಕುರ್ಚಿಯನ್ನು ನೋಡುತ್ತಾರೆ, ಕನ್ನಡಿಯ ಮುಂದಿನ ಕತ್ತಿಯನ್ನು ನೋಡುತ್ತಾರೆ. ಮುದಕಪ್ಪ ಬೆಂಚಿನಿಂದಲೇ “ಕುಂಡ್ರೋ ಮಾರಾಯಾ, ನನ್ನ ಪಾಳಿ ನಿನಗ ಬಿಟ್ಟೀನಿ” ಎಂದು ನಗುತ್ತಾರೆ. ಮರ್ದಾನಸಾಬರು ಟೊಪ್ಪಿಗೆ ತೆಗೆದು ಜೇಬಿಗಿಟ್ಟು, ಮೆಟ್ಟಿಲು ಹತ್ತಿ ಕೂರುತ್ತಾರೆ. ಹುಚ್ಚೀರಪ್ಪ ಕೊರಳಿಗೆ ಬಿಳಿ ಬಟ್ಟೆ ಕಟ್ಟುತ್ತಾನೆ. ನೊರೆ ಎದ್ದು ಗಲ್ಲ ತುಂಬುತ್ತದೆ. ಕುದುರೆ ಕೂದಲಿನ ಮೆತ್ತಗಿನ ಉಜ್ಜು ಎಂಥದ್ದೆಂದು ಅವರಿಗೆ ಇನ್ನೊಬ್ಬರ ಕೈಯಿಂದ ತಿಳಿದದ್ದು ಇದೇ ಮೊದಲು. ಕತ್ತಿ ಕೊರಳಿಗೆ ಬಂದಾಗ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿಯುತ್ತಾರೆ, ಆದರೆ ಕಣ್ಣು ಮುಚ್ಚುತ್ತಾರೆ.

ಕೆಲಸ ಮುಗಿದ ಮೇಲೆ ಹುಚ್ಚೀರಪ್ಪ ಬಿಳಿ ಬಟ್ಟೆಯನ್ನು ಬಿಚ್ಚಿ ಬಾಗಿಲ ಬಿಸಿಲಿಗೆ ಹರಡುತ್ತಾನೆ. ಬ್ರಶ್ಶಿನ ಕೂದಲು ಒಂದೂ ಇಲ್ಲ.

“ತಾ ಇಲ್ಲಿ, ನಾ ಒಮ್ಮಿ ನೋಡತೀನಿ” ಎಂದು ಮರ್ದಾನಸಾಬರು ಬಟ್ಟೆ ಇಸಿದುಕೊಳ್ಳುತ್ತಾರೆ. ಮಗ್ಗುಲು ತಿರುಗಿಸಿ, ಮಡಿಕೆ ಬಿಡಿಸಿ, ಅಂಚು ಸವರಿ ನೋಡುತ್ತಾರೆ.

“ಇನ್ನೂ ನನ್ನ ಮ್ಯಾಲ ಸಂಶಯ ಏನಲೇ?”

“ನಿನ್ನ ಮ್ಯಾಲ ಅಲ್ಲೋ” ಎನ್ನುತ್ತಾರೆ ಮರ್ದಾನಸಾಬರು, ಬಟ್ಟೆಯಿಂದ ಕಣ್ಣು ತೆಗೆಯದೆ. “ನನ್ನ ಕೈ ಮ್ಯಾಲ.”