ಅಕ್ಕೋರು ತೆರವು ಮಾಡಿಸಿದ ಖಾನೆ

ಚಿತ್ರಕಲೆಯ ಅಕ್ಕೋರು ನಿಪ್ಪಾಣಿಯ ನಮ್ಮ ಓಣಿಯ ಕೊನೆಯ ಮನೆಯಲ್ಲಿದ್ದರು. ಎಂಬತ್ತರ ದಶಕದಲ್ಲಿ ಮದುವೆಯಾಗಿ ಬಂದ ನಾನು ಮಧ್ಯಾಹ್ನ ಅವರಲ್ಲಿಗೆ ಚಿತ್ರ ಕಲಿಯಲು ಹೋಗುತ್ತಿದ್ದೆ. ಮೊದಲು ಕೂರುವ ಜಾಗ ಒರೆಸಬೇಕು. ಎರಡು ಡಬ್ಬಿ ನೀರು ಇಡಬೇಕು. ಒಂದು ಬ್ರಶ್ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ಏಳುವಾಗ ಅವರು ಸೆರಗಿನಿಂದ ಬ್ರಶ್ಶಿನ ತುದಿ ಒರೆಸಿ, “ಅದರ ಜಾಗಾಕ್ಕ ಅದನ್ನ ಇಡವಾ” ಎನ್ನುತ್ತಿದ್ದರು.

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅತ್ತೆ ನನ್ನ ಒಂದು ವರ್ಷದ ಚಿತ್ರಗಳನ್ನೆಲ್ಲ ನೀರೊಲೆಗೆ ಹಾಕಿಬಿಟ್ಟರು. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಸುದ್ದಿ ಕೇಳಿದ ಅಕ್ಕೋರು ಚಪ್ಪಲಿ ಮೆಟ್ಟಿ ನೇರವಾಗಿ ನಮ್ಮ ಪಡಸಾಲೆಗೆ ಬಂದರು.

“ಏನೇನು ಕಸ ತಗದ್ರಿ?” ಎಂದು ಅತ್ತೆಯನ್ನು ಕೇಳಿದರು.

“ಅಕಿ ಕಾಗದಾ ಅಷ್ಟರಿ.”

ಅಕ್ಕೋರು ಕಪಾಟು ತೆರೆದರು. ಒಳಗೆ ಮಾವನವರ ಹಳೆಯ ಕ್ಯಾಲೆಂಡರುಗಳು, ನನ್ನ ಗಂಡನ ಕೆಟ್ಟ ರೇಡಿಯೋ, ಒಡೆದ ಟಾರ್ಚು.

“ಇವು ಕಸ ಅಲ್ಲೇನ್ರಿ? ಗಂಡಸರದು ಸಾಮಾನು, ಹೆಂಗಸರದು ಕಸ. ಇದ್ಯಾವ ಸ್ವಚ್ಛ ಮಾಡೂದ್ರಿ?”

ಅಲ್ಲೇ ಕೂತಿದ್ದ ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. ಅಕ್ಕೋರು ನಿಂತಲ್ಲೇ ನಿಂತಿದ್ದರು. ಕೊನೆಗೆ ಅತ್ತೆಯೇ ಎದ್ದು, ಒಂದು ಖಾನೆಯ ಕ್ಯಾಲೆಂಡರುಗಳನ್ನು ಬಾಚಿ ಹೊರಗೆಳೆದು, ಒದ್ದೆ ಅರಿವೆಯಿಂದ ಆ ಖಾನೆ ಒರೆಸಿದರು. ಆಮೇಲೆ ನನ್ನ ಕಡೆ ನೋಡದೆ, “ನಾನೂ ಕಸೂತಿ ಹಾಕತಿದ್ನಿ. ಅವನ್ನೆಲ್ಲಾ ನಮ್ಮ ಅತ್ತಿ ಒಲಿಗೆ ಹಾಕಿದ್ರು” ಎಂದರು.