ಕುರ್ಚಿಯಾಕಿ

"ಈ ಮನಿ ಹುಡುಗಿ ಬಿ.ಎ. ಆಗೋದೂ ಒಂದ, ಶೇಂಗಾ ನೆಲ ಬಿಟ್ಟು ಟೊಂಗಿಗೆ ಕಾಯಿ ಬಿಡೋದೂ ಒಂದ" ಎಂದು ಘೋಷಿಸಿದವರು ಹೊಳಗುಂದದ ನಮ್ಮ ಸೋದರಮಾವ, ಘೋಷಿಸಿದ್ದು ಆದೋನಿಯ ನಮ್ಮ ಮನೆಯ ಏಕೈಕ ಕುರ್ಚಿಯ ಮೇಲೆ ಕೂತು. ಸಿಂಹಾಸನಕ್ಕೂ ಆ ಕುರ್ಚಿಗೂ ಇದ್ದ ವ್ಯತ್ಯಾಸ ಇಷ್ಟೇ, ಸಿಂಹಾಸನದ ಕಾಲು ಅಲುಗಾಡುವುದಿಲ್ಲ. ಅದು ಗಂಡಸರಿಗೆ, ಅದರಲ್ಲೂ ಬೀಗರಿಗೆ ಮೀಸಲು. ಹೆಂಗಸರಿಗೆ ಚಾಪೆ.

ಆ ಕುರ್ಚಿಯ ಮೇಲೆ ಕಣ್ಣಿಡಲು ನನಗೆ ಕಲಿಸಿದವಳು ಒಂದು ಹಳೆಯ ಕಾದಂಬರಿಯ ನಾಯಕಿ. ಬಿತ್ತನೆಯ ಶೇಂಗಾ ಸುಲಿಯುವ ಮಧ್ಯಾಹ್ನಗಳಲ್ಲಿ ಹೆಂಗಸರ ಬೇಸರ ಕಳೆಯಲು ಓದಿ ಹೇಳುವ ಕೆಲಸ ನನ್ನದು. ಓದುವವರು ಸುಲಿಯಬೇಕಿಲ್ಲವೆಂಬುದೇ ನನ್ನ ಸಾಹಿತ್ಯಪ್ರೇಮದ ಮೂಲ. ತನ್ನನ್ನು ನೋಡಲು ಬಂದ ವರನ ಕಡೆಯವರೆದುರು ಆ ಹುಡುಗಿ ತಾನೇ ಕುರ್ಚಿ ಎಳೆದುಕೊಂಡು ಕೂತು, ತಾನಿನ್ನೂ ಓದಬೇಕೆನ್ನುತ್ತಾಳೆ. ಕೋಪವಿಲ್ಲ, ಕಣ್ಣೀರಿಲ್ಲ, ಬಾವಿಯಿಂದ ನೀರು ಸೇದಿದಷ್ಟು ಸಹಜ.

ಸುಲಿಯುತ್ತಿದ್ದ ಅಜ್ಜಿಯ, ಅಪ್ಪನ ತಾಯಿಯ, ಕೈ ನಿಂತಿತು. "ಯಾವ ಊರಾಕಿ ಆಕಿ? ಯಾರ ಮಗಳು? ಕಪಾಳಕ್ಕ ಕೊಡೋರು ಯಾರೂ ಇರ್ಲಿಲ್ಲೇನು?" ಅಜ್ಜಿಯ ಪಾಲಿಗೆ ಪುಸ್ತಕದಲ್ಲಿದ್ದವರೆಲ್ಲ ಎಲ್ಲೋ ಒಂದು ಊರಿನಲ್ಲಿ ಇರುವವರೇ. 'ಕುರ್ಚಿಯಾಕಿ' ಎಂದು ನಾಮಕರಣ ಮಾಡಿ ದಿನವೂ ಬೈದಳು, ಬೈಯುತ್ತಲೇ ದಿನವೂ ವಿಚಾರಿಸಿದಳು, "ಕುರ್ಚಿಯಾಕಿ ಇವತ್ತು ಏನ್ ಮಾಡಿದ್ಲು?" ಶೇಂಗಾ ಮುಗಿದರೂ ಕಥೆ ಮುಗಿಸದೆ ನನ್ನನ್ನು ಬಿಡಲಿಲ್ಲ.

ನಾನು ಇಂಟರ್, ಅಂದರೆ ನಿಮ್ಮ ಪಿಯುಸಿ, ಪಾಸಾದ ವರ್ಷ ಮಾವ ತಮ್ಮ ಮಗನಿಗೆ ನನ್ನನ್ನು ಕೇಳಲು ಬಂದರು. ಸೋದರಮಾವನ ಮನೆಯ ಸಂಬಂಧವನ್ನು ಬೇಡವೆನ್ನುವ ರೂಢಿ ನಮ್ಮಲ್ಲಿಲ್ಲ. ಒಪ್ಪಿದರೆ ಕಾಲೇಜು ಅಲ್ಲಿಗೆ ಮುಗಿಯಿತು. ಇಡೀ ಕಾದಂಬರಿಯನ್ನು ಬಾಯಿಪಾಠ ಮಾಡಿದ್ದ ಈ ವೀರಾಂಗನೆ ಚಾಪೆಯ ಅಂಚಿನಲ್ಲಿ ಅದರ ಕಡ್ಡಿ ಎಣಿಸುತ್ತ ನಿಂತಿದ್ದಳು. ಆಗ ಅಜ್ಜಿ ಪಕ್ಕದ ಮನೆಯಿಂದ ಒಂದು ಕುರ್ಚಿ ಹೊತ್ತು ತಂದು ನನ್ನ ಮುಂದಿಟ್ಟಳು.

"ಕುಂತು ಹೇಳು, ಕುರ್ಚಿಯಾಕಿ ಹೇಳ್ದಂಗ."

ಮಾವ ನಕ್ಕರು. "ಹುಡುಗೀನ ತಲಿಮ್ಯಾಲ ಕುಂದ್ರಿಸ್ಕೊಳ್ರಿ ಅತ್ತಿ."

"ಸದ್ಯಕ್ಕ ಕುರ್ಚಿ ಸಾಕಪ್ಪ" ಎಂದಳು ಅಜ್ಜಿ.

ಕೂತೆ, ಹೇಳಿದೆ. ಧ್ವನಿ ನಡುಗಿತು, ಕಾದಂಬರಿಯಲ್ಲಿ ನಡುಗಿರಲಿಲ್ಲ. ಆಕೆಯ ಧೈರ್ಯ ಸ್ವಂತದ್ದು, ನನ್ನದು ಎರವಲು. ಆದರೆ ಓದುಗ ಮಹಾಶಯರೇ, ಎರವಲು ಕುರ್ಚಿಯ ಮೇಲೆ ಕೂತರೂ ಕೂತಂತೆಯೇ ಅಲ್ಲವೇ? ನಮ್ಮ ವಂಶದಲ್ಲಿ ಮೊದಲ ಪದವಿ ಬಂದದ್ದು ಹಾಗೆ.

ಪದವಿಪತ್ರವನ್ನು ಮೊದಲು ಮಾವನ ಕೈಗೇ ಕೊಟ್ಟೆ. ಅದೇ ಹಳೆಯ ಕುರ್ಚಿಯಲ್ಲಿದ್ದವರು ಮುದ್ರೆಯ ಮೇಲೆ ಬೆರಳಾಡಿಸಿದರು, ಎದ್ದರು, ಕುರ್ಚಿಯನ್ನು ನನ್ನತ್ತ ತಳ್ಳಿದರು.

"ಸರೇ, ಕುಂದ್ರವ್ವ. ಕಾಲು ಒಂದೀಟು ಅಲಗಾಡ್ತೈತಿ, ನೋಡ್ಕೊಂಡ್ ಕುಂದ್ರು."