ಎಳ್ಳಿನ ಕಾಲದಲ್ಲಿ ಕೊಲೊನೋಸ್ಕೋಪಿ

ಎದುರು ಮನೆಯ ಸಾವಂತ ವಹಿನಿ, ಅಂದರೆ ಮರಾಠಿಯಲ್ಲಿ ಅತ್ತಿಗೆ, ಎಳ್ಳು ಹುರಿಯುತ್ತಿದ್ದಾರೆ. ಅವರ ಅಡುಗೆಮನೆಯಲ್ಲಿ ಏನು ಬಾಣಲೆಗೆ ಬಿದ್ದರೂ ಅದರ ವಾಸನೆ ಅವರ ಮನೆಯವರಿಗಿಂತ ಮೊದಲು ನಮಗೆ ಬರುತ್ತದೆ; ನಮ್ಮ ಕಟ್ಟಡ ಕಟ್ಟಿರುವುದೇ ಹಾಗೆ. ಜನವರಿಯಲ್ಲಿ ಈ ವಾಸನೆ ಎದ್ದಾಗ ನವಿ ಮುಂಬಯಿಯ ಸಾನಪಾಡಾದ ಉಳಿದವರಿಗೆ ಹಬ್ಬ ನೆನಪಾಗುತ್ತದೆ. ನನಗೆ ನೆನಪಾಗುವುದು ನನ್ನ ದೊಡ್ಡ ಕರುಳು. ನಗಬೇಡಿ. ಅಥವಾ ನಗಿ, ಪರವಾಗಿಲ್ಲ, ಈಗ ನಾನೂ ನಗುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಬೆಳಗಿನ ಹೊತ್ತು ಕಾಣಬಾರದ ಕಡೆ ಕೆಂಪು ಕಂಡಿತು. ಮೊದಲ ಸಲ ತಪ್ಪನ್ನು ಹಿಂದಿನ ದಿನ ತಿಂದ ಬೀಟ್‌ರೂಟಿನ ಮೇಲೆ ಹಾಕಿದೆ. ಎರಡನೆಯ ಸಲಕ್ಕೆ ಬೀಟ್‌ರೂಟ್ ತಿಂದೇ ಇರಲಿಲ್ಲ. ಆಗ ನನಗೆ ನೆನಪಾದವಳು ನಮ್ಮಕ್ಕ.

ನಮ್ಮಕ್ಕ ಮೈಸೂರಿನ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರದ ಟೀಚರ್. ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಜೀರ್ಣಾಂಗವ್ಯೂಹ ಬರೆದು, ಸಣ್ಣ ಕರುಳು ಎಲ್ಲಿ ಮುಗಿಯುತ್ತದೆ, ದೊಡ್ಡ ಕರುಳು ಎಲ್ಲಿ ಶುರುವಾಗುತ್ತದೆ ಎಂದು ಇಡೀ ಬೀದಿಗೆ ಕೇಳುವ ಹಾಗೆ ಪಾಠ ಮಾಡಿದವಳು. ತನ್ನ ದೊಡ್ಡ ಕರುಳಿನ ವಿಷಯ ಬಂದಾಗ ಮಾತ್ರ ಅವಳಿಗೆ ನಾಲಗೆ ಏಳಲಿಲ್ಲ. ಗಂಡನಿಗೆ ಹೇಳಲಿಲ್ಲ, ಡಾಕ್ಟರಿಗೆ ಹೇಳಲಿಲ್ಲ. ಬಹಳ ದಿನದ ಮೇಲೆ ಫೋನಿನಲ್ಲಿ ನನಗೆ ರಕ್ತದ ವಿಷಯ ಹೇಳಿದಾಗಲೂ, "ಮೂಲವ್ಯಾಧಿ ಕಣೇ, ಈ ವಯಸ್ಸಿಗೆ ಯಾರಿಗಿರಲ್ಲ, ಬಾಳೆಹಣ್ಣು ತಿಂತಿದೀನಿ" ಎಂದು ಮಾತು ಬದಲಿಸಿದಳು. ಕೊನೆಗೆ ಪರೀಕ್ಷೆ ಮಾಡಿಸುವ ಹೊತ್ತಿಗೆ ಕ್ಯಾನ್ಸರ್ ಕರುಳು ದಾಟಿ ಲಿವರಿಗೆ ಹೋಗಿತ್ತು. ಅವಳು ಹೋದ ಮೇಲೆ ನಾನು ಬಾಳೆಹಣ್ಣು ಕಂಡರೆ ಸಿಟ್ಟಾಗುತ್ತಿದ್ದೆ. ಪಾಪ, ಅದರ ತಪ್ಪೇನು?

ಹಾಗಾಗಿ ನಾನು ತಡ ಮಾಡದೆ ವಾಶಿಯ ಡಾಕ್ಟರ ಹತ್ತಿರ ಹೋದೆ. ಮಗನ ವಯಸ್ಸಿನ ಹುಡುಗ. ನಾನು ಅಕ್ಕನ ಕಥೆ ಹೇಳಿ ಮುಗಿಸುವವರೆಗೂ ಕೇಳಿಸಿಕೊಂಡು, "ಆಂಟಿ, ಕೊಲೊನೋಸ್ಕೋಪಿ ಕರ್ ಲೇತೇ ಹೈಂ. ದೇಖೇಂಗೇ ತೋ ಪತಾ ಚಲೇಗಾ" ಎಂದ. ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೆಲಸವನ್ನು ಅವನು ಮನೆ ಬಾಡಿಗೆಗೆ ನೋಡಲು ಹೋಗುವಷ್ಟು ಸಲೀಸಾಗಿ ಹೇಳಿದ. ಯಾವಾಗ ಮಾಡೋಣ ಎಂದು ಕೇಳಿದ್ದಕ್ಕೆ ನಾನು ಜಾಣೆಯ ಹಾಗೆ, ಸಂಕ್ರಾಂತಿ ಮುಗಿದ ಮೇಲೆ ಎಂದೆ.

ತಪ್ಪಾದದ್ದು ಇಲ್ಲೇ. ಇಷ್ಟು ವರ್ಷ ನವಿ ಮುಂಬಯಿಯಲ್ಲಿದ್ದರೂ ನನ್ನ ತಲೆಯೊಳಗಿನ ಕ್ಯಾಲೆಂಡರ್ ಇನ್ನೂ ಮೈಸೂರಿನದೇ. ಮೈಸೂರಿನಲ್ಲಿ ಸಂಕ್ರಾಂತಿ ಎಂದರೆ ಒಂದು ಸಂಜೆ. ಹೊಸ ಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕಬ್ಬಿನ ತುಂಡು, ಸಕ್ಕರೆ ಅಚ್ಚು ಇಟ್ಟುಕೊಂಡು ಮನೆಮನೆಗೆ ಬೀರಿ ಬಂದರೆ ಮರುದಿನಕ್ಕೆ ಎಲ್ಲ ಮುಗಿಯಿತು. ಇಲ್ಲಿ ಸಂಕ್ರಾಂತಿ ದಿನ ಬರೀ ಶುರು. ಅಲ್ಲಿಂದ ರಥಸಪ್ತಮಿಯವರೆಗೆ ದಿನಕ್ಕೊಬ್ಬರ ಮನೆಯಲ್ಲಿ ಹಳದಿ-ಕುಂಕುಮ. ಕಟ್ಟಡದ ಹೆಂಗಸರೆಲ್ಲ ಸೇರುವುದು, ಹಣೆಗೆ ಕುಂಕುಮ, ಕೈಗೊಂದು ಸ್ಟೀಲ್ ಬಟ್ಟಲೋ ಸೋಪಿನ ಡಬ್ಬಿಯೋ, ಬಾಯಿಗೆ ಎಳ್ಳುಂಡೆ. ನಮ್ಮ ಸಾವಂತ ವಹಿನಿಯಂಥವರು ಕಪ್ಪು ಸೀರೆ ಉಟ್ಟು ಸಂಭ್ರಮ ಪಡುತ್ತಾರೆ. ಹಬ್ಬದ ದಿನ ಕಪ್ಪು ಉಡುವುದಕ್ಕೆ ನನ್ನ ಮೈ ಇವತ್ತಿಗೂ ಒಪ್ಪುವುದಿಲ್ಲ, ಅದು ಬೇರೆ ಮಾತು.

ಆಸ್ಪತ್ರೆಯ ನರ್ಸಮ್ಮ ಹೇಳಿ ಕಳಿಸಿದ್ದು ಏನು ಗೊತ್ತೇ? ಪರೀಕ್ಷೆಗೆ ಮುಂಚಿನ ಕೆಲವು ದಿನ ಸೊಪ್ಪು ಇಲ್ಲ, ಸಿಪ್ಪೆ ಇಲ್ಲ, ಬೀಜ ಇರುವ ಯಾವುದೂ ಇಲ್ಲ. ಎಳ್ಳಂತೂ ಮುಟ್ಟಲೇಬಾರದು. ಕಾಳು ಕರುಳಿನ ಗೋಡೆಗೆ ಅಂಟಿಕೊಂಡು ಕೂತರೆ ಕ್ಯಾಮೆರಾಕ್ಕೆ ಕಾಣಬೇಕಾದದ್ದು ಕಾಣುವುದಿಲ್ಲ. ಮತ್ತೊಂದು ದಿನ ಹಿಡಿದು ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಅಕ್ಕನಿಗೆ ಬಂದದ್ದೇ ನನಗೂ ಬಂದಿದೆಯೋ ಇಲ್ಲವೋ ಎಂದು ತಿಳಿಯದೆ ಇನ್ನೊಂದು ವಾರ ಕಳೆಯುವ ಶಕ್ತಿ ನನಗಿರಲಿಲ್ಲ.

ನಮ್ಮ ಮನೆಯವರು ಬ್ಯಾಂಕಿನ ಕಂಪ್ಯೂಟರ್ ವಿಭಾಗದವರು. ಹೆಂಡತಿಯ ಕರುಳನ್ನು ಒಂದು ಪ್ರಾಜೆಕ್ಟ್ ಎಂದು ವಹಿಸಿಕೊಂಡರು. ಬಿಳಿ ಅನ್ನ, ಮೊಸರು, ಇಡ್ಲಿ, ಮತ್ತೆ ಬಿಳಿ ಅನ್ನ. ಮೊಸರನ್ನಕ್ಕೆ ಒಗ್ಗರಣೆ ಹಾಕಲು ಹೋದಾಗ ಸೌಟು ಹಿಡಿದುಕೊಂಡರು.

"ಸಾಸಿವೆ ಬೀಜ ಅಲ್ವಾ?"

"ಸಾಸಿವೆ ಸಾಸಿವೆ ಕಣ್ರೀ."

"ಬಿತ್ತಿದ್ರೆ ಮೊಳಕೆ ಬರತ್ತೋ ಇಲ್ವೋ? ಬರತ್ತೆ ಅಂದ್ಮೇಲೆ ಬೀಜ."

ಒಗ್ಗರಣೆಯಿಲ್ಲದ ಮೊಸರನ್ನವನ್ನು ನನ್ನ ಜೊತೆಗೆ ತಾವೂ ತಿನ್ನುವುದಾಗಿ ಘೋಷಿಸಿದರು. ನನಗೆ ಕಣ್ಣು ತುಂಬಿ ಬಂತು. ಸಂಜೆ ವಾಕಿಂಗ್ ಮುಗಿಸಿ ಬಂದಾಗ ಅವರ ಬಾಯಿಂದ ಬೆಳ್ಳುಳ್ಳಿ ಚಟ್ನಿಯ ವಾಸನೆ ಘಮ್ಮೆಂದು ಬಂತು. ಸ್ಟೇಷನ್ ಎದುರಿನ ವಡಾಪಾವ್ ಗಾಡಿಯವನಿಗೆ ಆ ವಾರ ನಮ್ಮ ಮನೆಯಿಂದ ಒಳ್ಳೆಯ ವ್ಯಾಪಾರವಾಯಿತು.

ಇನ್ನು ಹಳದಿ-ಕುಂಕುಮದ ಕಥೆ. ಹೋಗದೆ ಇರಬಹುದಿತ್ತಲ್ಲ ಎನ್ನುತ್ತೀರಿ. ಹೋಗದಿದ್ದರೆ ಬಾಗಿಲಿಗೇ ಬಂದು ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಯಾಕೆ ಎಂದರೆ ಏನು ಹೇಳಲಿ? ಹೊಟ್ಟೆ ಸರಿಯಿಲ್ಲ ಎಂದರೆ ಓಮದ ಕಷಾಯ ತಂದುಕೊಡುತ್ತಾರೆ. ನಿಜ ಹೇಳಲು ನನಗೂ ನಾಲಗೆ ಏಳುತ್ತಿರಲಿಲ್ಲ. ಅಕ್ಕನ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡಿದ್ದವಳು ನಾನು, ಅವಳದೇ ದಾರಿ ಹಿಡಿದಿದ್ದೆ. ಹೋದೆ, ಕುಂಕುಮ ಹಚ್ಚಿಸಿಕೊಂಡೆ, ಎಳ್ಳುಂಡೆಯನ್ನು ಬಾಯಿಯವರೆಗೆ ಒಯ್ದ ಹಾಗೆ ಮಾಡಿ ಮೆಲ್ಲಗೆ ಪರ್ಸಿಗೆ ಇಳಿಸಿದೆ. ಎರಡು ಮೂರು ಮನೆಗಳಲ್ಲಿ ಈ ಕೈಚಳಕ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ ಪಾಸ್ ತೆಗೆಯಲು ಪರ್ಸಿಗೆ ಕೈ ಹಾಕಿದರೆ ಮೊಣಕೈವರೆಗೆ ಇರುವೆ. ಪಕ್ಕದಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ಅಷ್ಟು ಜನಜಂಗುಳಿಯಲ್ಲಿ ನನಗೆ ಇಡೀ ಸೀಟು ಸಿಕ್ಕಿದ್ದು ಅದೊಂದೇ ಸಲ.

ಸಾವಂತ ವಹಿನಿಯ ಮನೆಯಲ್ಲಿ ಕೈಚಳಕ ನಡೆಯಲಿಲ್ಲ. ಅವರು ಪ್ರೀತಿ ಹೆಚ್ಚಾದರೆ ಕೈಗೆ ಕೊಡುವವರಲ್ಲ, ಬಾಯಿಗೇ ಇಡುವವರು. ನಾನು "ವಹಿನಿ, ನಂತರ್..." ಎನ್ನಲು ಬಾಯಿ ತೆರೆದದ್ದೇ ತಡ, ಇಡೀ ಉಂಡೆ ಒಳಗೆ. ಹಾಲ್ ತುಂಬ ಹೆಂಗಸರು. ನನ್ನ ಬಾಯಿ ತುಂಬ ಎಳ್ಳು. ನುಂಗಿದರೆ ಪರೀಕ್ಷೆ ಹಾಳು. ಉಗುಳಿದರೆ ಮುತ್ತೈದೆಯ ಕೈಯಿಂದ ಬಂದ ಸಂಕ್ರಾಂತಿಯ ಎಳ್ಳನ್ನು ಉಗುಳಿದ ಹೆಂಗಸು ಎಂದು ಈ ಕಟ್ಟಡ ಇರುವವರೆಗೂ ಹೆಸರು. ಕೆನ್ನೆ ಉಬ್ಬಿಸಿಕೊಂಡು ನಿಂತೆ. ಅಕ್ಕ ಕಣ್ಣ ಮುಂದೆ ಬಂದಳು. ಅಂಗೈಗೆ ಉಗುಳಿಬಿಟ್ಟೆ.

ವಹಿನಿಯ ಮುಖ ಸಣ್ಣದಾಯಿತು. "ಅಗಂ, ಕಾಯ್ ಝಾಲಂ? ಖರಾಬ್ ಹೋತಾ ಕಾ ಲಾಡೂ?" ಎಂದು ಕೇಳಿದರು. ಉಂಡೆಯೇ ಕೆಟ್ಟಿದೆಯೇನೋ ಎಂದು ಅವರಿಗೆ ಗಾಬರಿ. ಅವರ ಉಂಡೆಗೆ ಕೆಟ್ಟ ಹೆಸರು ತರುವುದಕ್ಕಿಂತ ನನ್ನ ಕರುಳಿಗೆ ತರುವುದೇ ವಾಸಿ ಅನಿಸಿತು. ಹೇಳಿದೆ. ಕನ್ನಡ, ಮರಾಠಿ, ಹಿಂದಿ ಯಾವುದು ಬಾಯಿಗೆ ಬಂತೋ ಅದರಲ್ಲಿ ಎಲ್ಲವನ್ನೂ ಹೇಳಿದೆ. ರಕ್ತ ಬಿದ್ದದ್ದು, ಎಲ್ಲಿಂದ ಬಿದ್ದದ್ದು, ಎಲ್ಲಿಂದ ಕ್ಯಾಮೆರಾ ಬಿಡುತ್ತಾರೆ, ಅಕ್ಕ ಯಾಕೆ ಸತ್ತಳು, ನನಗೆ ಎಷ್ಟು ಹೆದರಿಕೆಯಾಗಿದೆ. ಹೇಳುತ್ತ ಹೇಳುತ್ತ ಅಳು ಬಂತು. ಕೈಯಲ್ಲಿ ಇನ್ನೂ ಆ ಎಳ್ಳು.

ವಹಿನಿ ನನ್ನನ್ನು ಸಿಂಕಿನ ಹತ್ತಿರ ಒಯ್ದು, ತಾವೇ ಕೈ ತೊಳೆಸಿ, ಒಂದು ಕಾಳೂ ಉಳಿಯದ ಹಾಗೆ ಮತ್ತೆ ಮತ್ತೆ ಬಾಯಿ ಮುಕ್ಕಳಿಸುವಂತೆ ಮಾಡಿದರು. ಹಾಲಿನಲ್ಲಿ ಆಗಲೇ ಗಲಗಲ ಶುರುವಾಗಿತ್ತು. ಒಬ್ಬರಿಗೆ ಪೈಲ್ಸ್ ಆಪರೇಷನ್ ಆಗಿತ್ತಂತೆ, ಇನ್ನೊಬ್ಬರ ಅತ್ತೆಗೆ ಇದೇ ಕ್ಯಾಮೆರಾ ಹಾಕಿದ್ದರಂತೆ. ಕುಂಕುಮದ ತಟ್ಟೆ ನಡುವೆ ಇಟ್ಟುಕೊಂಡು ಅಷ್ಟು ಜನ ಹೆಂಗಸರು ತಂತಮ್ಮ ಹೊಟ್ಟೆಯ ಸಂಗತಿ ಮಾತಾಡಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಮಾತಾಡದೆ ಇದ್ದವರು ನೀಲವ್ವ ಒಬ್ಬರೇ. ಕೆಳಗಿನ ಮನೆಯವರು, ವಿಜಯಪುರದ ಕಡೆಯವರು. ಅವರ ಯಜಮಾನರು ವಾಶಿಯ ಹೋಲ್‌ಸೇಲ್ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು, ಆಮೇಲೆ ಹಮಾಲರ ಮೇಲಿನ ಮೇಸ್ತ್ರಿ, ಅಂದರೆ ಮುಕಾದಮರಾಗಿ, ಈ ಕಟ್ಟಡದಲ್ಲಿ ಮನೆ ಮಾಡಿದವರು. ನಾನು ಹೊರಟಾಗ ನೀಲವ್ವನೂ ಎದ್ದು ಬಂದರು. ಮೆಟ್ಟಿಲ ತಿರುವಿನಲ್ಲಿ ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ತಂಗಿ, ಒಂದ್ ಮಾತ ಕೇಳ್ತೀನಿ. ಯಾರ ಮುಂದೂ ಆಡಬ್ಯಾಡ." ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಬಗ್ಗಿ ಕೇಳಬೇಕಾಯಿತು. "ನೀ ಅಂದೆಲ್ಲ, ರಕ್ತ... ಹಂಗ ನನಗೂ ಬೀಳಾಕತ್ತೈತಿ. ದೀಪಾವಳಿ ಮೊದಲಿಂದ."

"ಮನೇಲಿ ಹೇಳಿದೀರಾ ನೀಲವ್ವ?"

"ಯಾರ ಮುಂದ ಹೇಳ್ಲಿ? ಅವರ ಮುಂದ ಹೇಳಾಕ ನಾಚಿಕಿ. ಮಗನ ಮುಂದ ಹೇಳಿ ಇನ್ನ ಮಾರಿ ಹೆಂಗ ತೋರಸ್ಲಿ? ಮೂಲವ್ಯಾಧಿ ಇರಬೇಕಂತ ಸುಮ್ಮನದೀನಿ. ಹೌದಲ್ಲ, ಅದ ಇರ್ತೈತಲ್ಲ?"

ಇದೇ ಮಾತನ್ನು ಒಮ್ಮೆ ಮೈಸೂರಿನ ಕನ್ನಡದಲ್ಲಿ ಕೇಳಿದ್ದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅವರ ಕೈ ಹಿಡಿದುಕೊಂಡೆ. "ಮೂಲವ್ಯಾಧಿಯೇ ಇರಬಹುದು. ಆದರೆ ನೋಡಿಸೋಣ. ನಾನು ಬರ್ತೀನಿ ಜೊತೆಗೆ" ಎಂದೆ.

ನನ್ನ ಪರೀಕ್ಷೆ ಗೊತ್ತಾದ ದಿನವೇ ಆಯಿತು. ಮುಂಚಿನ ದಿನದ ವರ್ಣನೆ ಬೇಡ. ಸೋಸಿ ಸೋಸಿ ಹೆಸರಷ್ಟೇ ಉಳಿದ ತಿಳಿಸಾರು, ಎಳನೀರು, ಸಂಜೆಗೆ ಕರುಳು ತೊಳೆಯುವ, ನಿಂಬೆಯ ವಾಸನೆಯ ಪುಡಿ ಕಲಸಿದ ಜಗ್ಗಿನ ತುಂಬ ನೀರು. ಉಪ್ಪೂ ಅಲ್ಲದ ಸಿಹಿಯೂ ಅಲ್ಲದ ಅದನ್ನು ಲೋಟ ಲೋಟ ಕುಡಿಯುತ್ತ, ಓಡುತ್ತ, ಮತ್ತೆ ಬಂದು ಕುಡಿಯುತ್ತ ಸಂಜೆ ಕಳೆದೆ. ಮನೆಯವರು ಬಾಗಿಲ ಹೊರಗೆ ನಿಂತು ಧೈರ್ಯ ಹೇಳಿದರು. ಒಳಗಿದ್ದವಳಿಗೆ ಅದರಿಂದ ಉಪಯೋಗವೇನೂ ಆಗಲಿಲ್ಲ. ಮರುದಿನ ಹಿಂದೆ ತೆರೆದ ಗೌನಿನಲ್ಲಿ ಮಲಗಿ, ಇಂಜೆಕ್ಷನ್ನಿಗೆ ಕಣ್ಣು ಮುಚ್ಚಿ ಬಿಟ್ಟರೆ ಎಲ್ಲ ಮುಗಿದಿತ್ತು. ಒಂದು ಸಣ್ಣ ಗಂಟು ಇತ್ತು, ತೆಗೆದರು. ಅದರಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಡಾಕ್ಟರ್ ಹುಡುಗ ಫೋನ್ ಮಾಡಿ ಹೇಳಿದಾಗ, ನಾನು ಮೊದಲು ಮಾಡಿದ್ದು ಕೊಬ್ಬರಿ ಹಾಕಿ ಹುರುಳೀಕಾಯಿ ಪಲ್ಯ, ಸಾಸಿವೆ ಚಟಪಟ ಸಿಡಿಯುವ ಒಗ್ಗರಣೆಯ ಜೊತೆ.

ನೀಲವ್ವನಿಗೆ ಅಷ್ಟು ಸುಲಭವಾಗಲಿಲ್ಲ. ಅವರದು ಮೂಲವ್ಯಾಧಿಯಾಗಿರಲಿಲ್ಲ. ಆ ಮಾತನ್ನು ಅವರ ಮಗನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡ ಹುಡುಗ, ಇಲ್ಲೇ ಹುಟ್ಟಿ ಬೆಳೆದವನು. ತಾಯಿಯ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಕೇಳಿ ಗೋಡೆಗೆ ಆತು ನಿಂತ. "ಮಾ ನೇ ಮುಝೇ ಕ್ಯೂಂ ನಹೀಂ ಬತಾಯಾ?" ಎಂದ. ತಾಯಿ ತನಗೇ ಯಾಕೆ ಹೇಳಲಿಲ್ಲವೆಂದು ಅವನ ಪ್ರಶ್ನೆ. ಆದರೆ ಅದು ಇನ್ನೂ ಕರುಳು ದಾಟಿರಲಿಲ್ಲ. ಆಪರೇಷನ್ ಆಯಿತು, ಔಷಧಿಯಾಯಿತು, ಕೂದಲು ಉದುರಿ ಮತ್ತೆ ಬಂತು.

ಆಗಿನಿಂದ ನೀಲವ್ವ ಆಗಾಗ ಇದೇ ಕ್ಯಾಮೆರಾ ಪರೀಕ್ಷೆ ಮಾಡಿಸಿಕೊಳ್ಳಬೇಕು. ಈ ಸಲದ್ದು ನಾಳೆ ಇದೆ. ಅವರ ಮನೆಯಲ್ಲಿ ಜನ ಹೆಚ್ಚು, ಬಾತ್‌ರೂಮ್ ಒಂದೇ. ಅದಕ್ಕೇ ಪುಡಿ ಕುಡಿಯುವ ಸಂಜೆ ಅವರ ಠಿಕಾಣಿ ನಮ್ಮಲ್ಲಿ. ಮಗನೂ ಆಫೀಸಿನಿಂದ ನೇರ ಇಲ್ಲಿಗೇ ಬಂದಿದ್ದಾನೆ. ನಮ್ಮ ಮನೆಯವರ ಜೊತೆ ಕೂತು ಕ್ರಿಕೆಟ್ ನೋಡುತ್ತಿದ್ದಾನೆ. ಬಂದದ್ದು ತಿಳಿನೀರಿನಂತಾದರೆ ಹೊಟ್ಟೆ ತಯಾರು ಎಂದು ಲೆಕ್ಕ. ನಾನು ಅಡುಗೆಮನೆಯಲ್ಲಿ ನಿಂತು ಅದನ್ನೇ ಕಾಯುತ್ತಿದ್ದೆ.

ಈಗಷ್ಟೇ ಬಾತ್‌ರೂಮಿನಿಂದ ನೀಲವ್ವ ಕೂಗಿದರು. ಹೊಲದ ಈ ಬದುವಿನಿಂದ ಆ ಬದುವಿನವರನ್ನು ಕರೆಯುವ ದನಿ.

"ತಂಗೀ! ಸ್ವಚ್ಛ ಆತ್ ನೋಡ! ನೀರ ಬಂದಂಗ ಬರಾಕತ್ತೈತಿ!"

ಹಾಲಿನಲ್ಲಿ ಮಗ ಟೀವಿಯಿಂದ ಕಣ್ಣು ಕೀಳದೆ, ಅಷ್ಟೇ ಜೋರಾಗಿ ಕೂಗಿದ. "ಬಹುತ್ ಬಢಿಯಾ, ಮಾ! ಬಸ್ ಏಕ್ ಗ್ಲಾಸ್ ಬಾಕೀ ಹೈ!"

ನಮ್ಮಕ್ಕನೂ ಒಂದು ಸಲ ಹೀಗೆ ಕೂಗಿದ್ದರೆ ಎಂದುಕೊಂಡೆ. ಕಣ್ಣು ಒರೆಸಿಕೊಂಡು, ಆ ಕೊನೆಯ ಲೋಟ ತುಂಬಿಸಿಕೊಂಡು ಹೋಗಿ ಬಾತ್‌ರೂಮಿನ ಬಾಗಿಲು ತಟ್ಟಿದೆ.